ಕೋಡಂಗಿ ಹುದ್ದೆ ಖಾಲಿ ಇದೆ

ಇಪ್ಪತ್ತೈದು ದಾಟಿದ ಗಂಡಸಿಗೆ ಕುಣಿಯಲು ನಮ್ಮ ಸಮಾಜ ಮೂರೇ ಕಡೆ ಪರವಾನಗಿ ಕೊಟ್ಟಿದೆ: ಗಣಪತಿ ಬಿಡುವಾಗ ತಮಟೆಯ ಮುಂದೆ, ಗೆಳೆಯನ ಆರತಕ್ಷತೆಯಲ್ಲಿ, ಆಫೀಸಿನ ವಾರ್ಷಿಕೋತ್ಸವದಲ್ಲಿ. ಈ ಮೂರಕ್ಕೂ ಕುಣಿಯಲು ಬರಬೇಕೆಂಬ ಷರತ್ತಿಲ್ಲ. ಬಂದರೇ ತೊಂದರೆ, ಪಕ್ಕದವರಿಗೆ ಮುಜುಗರ. ಇವನ್ನೆಲ್ಲ ಬಿಟ್ಟು ‘ನಾನು ಕುಣಿತ ಕಲಿಯುತ್ತೇನೆ’ ಎಂದು ಹೊರಟವನ ಹಣೆಯನ್ನು ಮನೆಯವರು ಮೊದಲು ಮುಟ್ಟಿ ನೋಡುತ್ತಾರೆ. ಜ್ವರವಿಲ್ಲವೆಂದು ಖಾತ್ರಿಯಾದ ಮೇಲೆ ಜಾತಕ ತೆಗೆಯುತ್ತಾರೆ.

ನನ್ನ ಜಾತಕ ಹೊರಬಂದದ್ದು ಬೆಂಗಳೂರಿನಲ್ಲಿ ಬಡಗುತಿಟ್ಟು ಯಕ್ಷಗಾನದ ಭಾನುವಾರದ ತರಗತಿಗೆ ಸೇರಿದಾಗ. ನಮ್ಮದು ತುಮಕೂರು ಸೀಮೆ. ನಮಗೂ ಮೂಡಲಪಾಯದ ಬಯಲಾಟ ಉಂಟು, ಆದರೆ ಅದು ನಮ್ಮ ತಾತನ ಕಾಲಕ್ಕೇ ನಮ್ಮ ಮನೆಯಿಂದ ಎದ್ದುಹೋಗಿತ್ತು. ಕರಾವಳಿಗೂ ನನಗೂ ಇದ್ದ ನಂಟೆಂದರೆ ರೂಮಿನ ಜೊತೆಗಾರನಾದ ಕುಂದಾಪುರದ ಗೆಳೆಯ, ಮತ್ತು ಅವನ ಊರಿಂದ ಬರುತ್ತಿದ್ದ ಕೊಬ್ಬರಿ ಎಣ್ಣೆ. ಮಳೆಗಾಲದಲ್ಲಿ ಊರಿನ ಮೇಳಗಳು ಬೆಂಗಳೂರಿಗೆ ಬಂದಾಗ ಅವನು ನನ್ನನ್ನು ರಾತ್ರಿಯಿಡೀ ನಡೆಯುವ ಆಟಕ್ಕೆ ಎಳೆದೊಯ್ದ. ಬೆಳಗಿನ ಜಾವ, ಅರವತ್ತು ದಾಟಿದ ವೇಷಧಾರಿಯೊಬ್ಬರು ಮಂಡಿ ಹಾಕಿದರು. ಮೊಣಕಾಲೂರಿ ಇಡೀ ರಂಗವನ್ನು ಗಿರಗಿರ ಸುತ್ತುವುದಕ್ಕೆ ಆ ಹೆಸರು. ಆಫೀಸಿನ ಕುರ್ಚಿಯಿಂದ ಏಳಬೇಕಾದರೆ ಮೇಜು ಹಿಡಿದು ‘ಅಮ್ಮಾ’ ಎನ್ನುವ ನಾನು ಆ ಹೊತ್ತಿಗೇ ತೀರ್ಮಾನಿಸಿಬಿಟ್ಟೆ. ನಿದ್ದೆಗೆಟ್ಟವರ ತೀರ್ಮಾನಗಳು ಹೀಗೇ ಇರುತ್ತವೆ.

ಅಮ್ಮನ ಫೋನು ಬಂತು. “ವೇಷಕ್ಕೆ ಮೀಸೆ ತೆಗೆಸ್ತಾರಂತಲ್ಲೋ! ಹುಡುಗಿ ಕಡೆಯವರು ಫೋಟೊ ಕೇಳಿರೋ ಹೊತ್ತಲ್ಲಿ ಬೇಕಿತ್ತಾ ಇದು?”

ನಾನೂ ಸಿದ್ಧನಾಗಿಯೇ ಇದ್ದೆ. 1904ರಲ್ಲಿ ಹುಟ್ಟಿದ ರುಕ್ಮಿಣಿದೇವಿ ಅರುಂಡೇಲ್ ಭರತನಾಟ್ಯಕ್ಕೆ ಮೊದಲು ರಂಗವೇರಿದ್ದು 1935ರಲ್ಲಿ, ಮೂವತ್ತು ದಾಟಿದ ಮೇಲೆ ಎಂದೆ. ಅಮ್ಮ ಅಲುಗಲಿಲ್ಲ. ನಮ್ಮ ಬೆಂಗಳೂರಿನವರೇ ಆದ ಯು.ಎಸ್. ಕೃಷ್ಣರಾಯರನ್ನು ಮುಂದೆ ಮಾಡಿದೆ. ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದ ಮೇಷ್ಟರು ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರ ಬಳಿ ಭರತನಾಟ್ಯ ಕಲಿತು ದೊಡ್ಡ ಕಲಾವಿದರಾದರು, ಗೊತ್ತಾ ಎಂದೆ.

“ಅವರಿಗೆ ಮದುವೆ ಆಗಿತ್ತಾ?”

“ಆಗಿತ್ತಮ್ಮ. ಹೆಂಡತಿ ಚಂದ್ರಭಾಗಾದೇವಿ ಜೊತೆಗೇ ಕುಣಿಯುತ್ತಿದ್ದರು.”

“ಹಾಗಾದ್ರೆ ನೀನೂ ಮೊದಲು ಮದುವೆ ಆಗು. ಆಮೇಲೆ ಇಬ್ಬರೂ ಕುಣಿಯೋರಂತೆ.”

ತರಗತಿಯಲ್ಲಿ ನನ್ನ ಸಹಪಾಠಿಗಳು ಮೂರನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗಿನವರು. ಹೆಚ್ಚಿನವರ ಅಪ್ಪ ಅಮ್ಮ ಕರಾವಳಿ ಬಿಟ್ಟು ಬಂದವರು. ಮಕ್ಕಳ ಬಾಯಲ್ಲಿ ಕನ್ನಡ ಉಳಿಯಲೆಂದು ಇಲ್ಲಿಗೆ ಕರೆತರುತ್ತಾರೆ. ಮೊದಲ ವಾರ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದ ತಾಯಿಯೊಬ್ಬರು ಸರಿದು ಜಾಗ ಕೊಟ್ಟು, “ನಿಮ್ಮ ಮಗು ಯಾವುದು?” ಎಂದರು. ನಾನೇ ಆ ಮಗುವೆಂದು ಹೇಳಿದ ಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಮಕ್ಕಳಿಗೆ ಹೆಜ್ಜೆ ಹಿಡಿಯಲು ಯಾವ ತಯಾರಿಯೂ ಬೇಡ. ಗುರುಗಳು ಬಾಯಿತಾಳ ಹೇಳುವುದೇ ತಡ, ಅದು ಅವರ ಕಾಲಿಗೆ ಇಳಿದಿರುತ್ತದೆ. ನನ್ನಲ್ಲಿ ಅದು ಕಿವಿಯಿಂದ ತಲೆಗೆ ಹೋಗಿ, ಅಲ್ಲಿ ಪರಿಶೀಲನೆಯಾಗಿ, ಅನುಮೋದನೆ ಪಡೆದು ಕಾಲಿಗೆ ಬರುವಷ್ಟರಲ್ಲಿ ತಾಳ ಒಂದು ಸುತ್ತು ಮುಗಿದಿರುತ್ತದೆ. ಏಕತಾಳಕ್ಕೆ 4 ಅಕ್ಷರ. ಸಿನಿಮಾ ಹಾಡಿಗೆ ಮೇಜು ಕುಟ್ಟಿ ಬೆಳೆದವನಿಗೆ ಅದು ಹೇಗೋ ದಕ್ಕಿತು. ತ್ರಿವುಡೆಗೆ 7. ತಕಿಟ ತಕಧಿಮಿ, ತಕಿಟ ತಕಧಿಮಿ. ನನ್ನ ಕಾಲಿಗಂತೂ ಆ ಏಳನೆಯದು ಅಸಲಿನ ಮೇಲಿನ ಬಡ್ಡಿಯೋ ಸಾಲದೆ ಬಿದ್ದ ಬಾಕಿಯೋ ಎಂಬುದೇ ಬಗೆಹರಿಯುತ್ತಿರಲಿಲ್ಲ. ಝಂಪೆಗೆ 10, ಅಷ್ಟತಾಳಕ್ಕೆ 14 ಎಂದು ಕೇಳಿದ ದಿನ ನಾನು ಬೇಗ ಮನೆಗೆ ಹೋದೆ.

ಗುರುಗಳೂ ಕುಂದಾಪುರದ ಕಡೆಯವರೇ. ಬೈಯುವವರಲ್ಲ. ಮದ್ದಳೆ ನಿಲ್ಲಿಸಿ, ಕನ್ನಡಕ ಮೇಲೇರಿಸಿ, “ಹ್ವಾಯ್ ಮಾರಾಯ, ಬಲಗಾಲ್ ಯಾವ್ದ್ ಅಂತ ಗೊತ್ತಿತ್ತಾ?” ಎಂದು ಕೇಳುತ್ತಾರೆ. ಅದರಲ್ಲಿ ವ್ಯಂಗ್ಯವಿಲ್ಲ, ನಿಜವಾದ ಅನುಮಾನವಿದೆ. ಅವರ ಅತ್ಯುನ್ನತ ಪ್ರಶಸ್ತಿ “ಅಡ್ಡಿಲ್ಲೆ”. ಅದು ಎಂಟು ವರ್ಷದ ಹುಡುಗಿಯೊಬ್ಬಳಿಗೆ ವಾರವಾರವೂ ಸಿಗುತ್ತಿತ್ತು. ಆಕೆ ನನ್ನ ಮೇಲೆ ಕನಿಕರ ತಾಳಿ ಮುಂದೆ ನಿಂತು ತೋರಿಸಿಕೊಡುತ್ತಿದ್ದಳು. “ಅಂಕಲ್, ಎಣಿಸಬೇಡಿ. ಎಣಿಸಿದ್ರೆ ಬರಲ್ಲ.” ಹದಿನೇಳು ವರ್ಷ ಓದಿ, ಎಣಿಸುವುದೊಂದನ್ನೇ ಸರಿಯಾಗಿ ಕಲಿತವನಿಗೆ ಕೊಡುವ ಸಲಹೆಯೇ ಅದು?

ಮನೆಯ ಅಭ್ಯಾಸದ ಕಥೆ ಬೇರೆ. ನಮ್ಮದು ಎರಡನೇ ಮಹಡಿ. ಒಂದು ಸಂಜೆ ಕೆಳಗಿನ ಓನರ್ ಬಂದು ಬಾಗಿಲು ತಟ್ಟಿ, “ನಿಮ್ಮ ವಾಷಿಂಗ್ ಮಷೀನು ಕೆಟ್ಟಿದೆ, ಮೊದಲು ರಿಪೇರಿ ಮಾಡಿಸಿ” ಎಂದರು. ನಮ್ಮಲ್ಲಿ ವಾಷಿಂಗ್ ಮಷೀನೇ ಇರಲಿಲ್ಲ. ಮಂಡಿಯ ಅಭ್ಯಾಸ ಶುರುವಾದ ಮೇಲೆ ಮೊಣಕಾಲಿಗೆ ಪಟ್ಟಿ ತರಲು ಔಷಧಿ ಅಂಗಡಿಗೆ ಹೋದೆ. ಅಂಗಡಿಯವನು ಅಳತೆ ಕೇಳುವ ಮೊದಲು ಗೌರವದಿಂದ ಕೇಳಿದ, “ಅಪ್ಪಾಜಿಗಾ ಸರ್?” ಹೌದೆಂದು ತಲೆಯಾಡಿಸಿದೆ. ಅಪ್ಪನ ಮೊಣಕಾಲು ದೇವರ ದಯೆಯಿಂದ ಚೆನ್ನಾಗಿದೆ.

ತರಗತಿಯ ವಾರ್ಷಿಕೋತ್ಸವ ಬಂತು. ಯಾರಿಗೆ ಯಾವ ವೇಷವೆಂದು ಗುರುಗಳು ಓದುತ್ತ ಹೋದರು. ಆ ಎಂಟು ವರ್ಷದ ಹುಡುಗಿ ಅಭಿಮನ್ಯು. ಐದನೇ ಕ್ಲಾಸಿನ ಪೋರ ದ್ರೋಣ. ನನಗೆ ಕೋಡಂಗಿ. ತುಮಕೂರಿನಲ್ಲಿ ಒಬ್ಬನನ್ನು ಹಾಗೆ ಕರೆದರೆ ಜಗಳವಾಗುತ್ತದೆ. ನನ್ನ ಮುಖ ನೋಡಿ ಗುರುಗಳು ನಕ್ಕರು. “ಕೋಡಂಗಿ ಮಾಡ್ದೆ ಯಾರೂ ವೇಷಧಾರಿ ಆಯ್ಲಿಲ್ಲೆ ಮಾರಾಯ.”

ಅದು ಸಮಾಧಾನದ ಮಾತಲ್ಲ, ಚರಿತ್ರೆ. 1971ರಲ್ಲಿ ಉಡುಪಿಯ ಯಕ್ಷಗಾನ ಕೇಂದ್ರ, 1986ರಲ್ಲಿ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರ ಶ್ರೀಮಯ ಕಲಾಕೇಂದ್ರ ಬಂದು ಕಲಿಕೆಗೊಂದು ಶಾಲೆಯಾಯಿತು. ಅದಕ್ಕೂ ಮೊದಲು ಹೆಚ್ಚಿನವರಿಗೆ ಮೇಳವೇ ಶಾಲೆ. ಮನೆ ಬಿಟ್ಟು ಮೇಳ ಸೇರಿದ ಹುಡುಗನಿಗೆ ಮೊದಲು ಸಿಗುತ್ತಿದ್ದದ್ದು ಪೂರ್ವರಂಗದ ಕೋಡಂಗಿ ವೇಷ. ಆಮೇಲೆ ಬಾಲಗೋಪಾಲ, ಆಮೇಲೆ ಸಣ್ಣಪುಟ್ಟ ಸ್ತ್ರೀವೇಷ, ಪುರುಷವೇಷ. ಎರಡನೇ ವೇಷದಂಥ ಮೇಲಿನ ಸ್ಥಾನಕ್ಕೆ ಬರುವಷ್ಟರಲ್ಲಿ ವರ್ಷಗಳೇ ಉರುಳಿರುತ್ತಿದ್ದವು. ಕೋಡಂಗಿ ರಂಗಕ್ಕೆ ಬರುತ್ತಿದ್ದದ್ದು ಆಟದ ಶುರುವಿನಲ್ಲಿ. ಆಗಿನ್ನೂ ಜನ ಮನೆಯಲ್ಲಿ ಗಂಜಿ ಉಣ್ಣುತ್ತಿರುತ್ತಿದ್ದರು. ತಪ್ಪು ಹೆಜ್ಜೆಗಳನ್ನೆಲ್ಲ ಖಾಲಿ ಚಾಪೆಗಳ ಮುಂದೆ ಹಾಕಿ ಮುಗಿಸಿ, ಮಿಕ್ಕ ರಾತ್ರಿ ದೊಡ್ಡವರ ಕುಣಿತ ನೋಡುತ್ತ ಕೂರಬಹುದಿತ್ತು. ಎಂಥ ಬುದ್ಧಿವಂತ ಏರ್ಪಾಡು! ಬರದವನಿಗೂ ಗೆಜ್ಜೆ, ಬಣ್ಣ, ಭಾಗವತರ ತಾಳ, ರಂಗದ ಮೇಲೊಂದು ಜಾಗ.

ವಾರ್ಷಿಕೋತ್ಸವದ ದಿನ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಗಣಪತಿಗೆ ಕೈಮುಗಿದು ಕನ್ನಡಿ ಮುಂದೆ ಕೂತೆ. ಯಕ್ಷಗಾನದಲ್ಲಿ ವೇಷಧಾರಿ ತನ್ನ ಮುಖವನ್ನು ತಾನೇ ಬರೆದುಕೊಳ್ಳಬೇಕು. ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಕಲಸಿ ಬಳಿದುಕೊಂಡೆ. ಮೀಸೆ ಉಳಿಯಿತು, ಅಮ್ಮನಿಗೆ ಅಷ್ಟು ಸಾಕು. ರಂಗಕ್ಕೆ ಹೋದ ಮೇಲೆ ನನ್ನ ಕಾಲು ತಾಳದಿಂದ ಎಷ್ಟು ದೂರ ಓಡಿದರೂ ಅದು ವೇಷದ ಲೆಕ್ಕಕ್ಕೇ ಜಮಾ ಆಗುತ್ತಿತ್ತು. ಜನ ನಕ್ಕರು, ಚಪ್ಪಾಳೆಯೂ ಬಿತ್ತು. ಇಳಿದು ಬಂದಾಗ ಗುರುಗಳು “ಅಡ್ಡಿಲ್ಲೆ” ಎಂದರು. ಅಭಿಮನ್ಯು ಹೊಟ್ಟೆಕಿಚ್ಚಿನಿಂದ ನೋಡಿದಳು.

ಈಗ ಎಲ್ಲ ಕಡೆಯೂ ಎರಡನೇ ವೇಷಕ್ಕೇ ನೂಕುನುಗ್ಗಲು. ಈಜು, ಸಂಗೀತ, ಕುಣಿತ, ಯಾವುದನ್ನು ಶುರು ಮಾಡಿದರೂ ಮೂರನೇ ವಾರಕ್ಕೆ ವಿಡಿಯೊ ಹಾಕುವಷ್ಟು ಬಂದಿರಬೇಕು. ಬರದಿದ್ದರೆ ‘ನನಗೆ ವಯಸ್ಸಾಯಿತು’ ಎಂದು ಇಪ್ಪತ್ತೆಂಟಕ್ಕೇ ನಿವೃತ್ತಿ. ವಯಸ್ಸಲ್ಲ ಸ್ವಾಮಿ, ಕೋಡಂಗಿಯಾಗಲು ನಾಚಿಕೆ, ಅಷ್ಟೇ. ಆ ಹುದ್ದೆ ಎಲ್ಲ ಕಡೆಯೂ ಖಾಲಿ ಇದೆ, ವಯೋಮಿತಿಯಿಲ್ಲ, ಅನುಭವವಿದ್ದರೆ ಅನರ್ಹತೆ. ಭಾನುವಾರ ಬೆಳಿಗ್ಗೆ ಒಂದು ಟವೆಲು ಹಿಡಿದು ಬನ್ನಿ. ಮೊಣಕಾಲಿನ ಪಟ್ಟಿ ಕೊಳ್ಳುವಾಗ ಅಂಗಡಿಯವನು ಯಾರಿಗೆಂದು ಕೇಳಿದರೆ, ನನಗೇ ಎನ್ನಿ.