ಬಿಚ್ಚಿದವರೇ ಮಡಚಲಿ

ಬಿಚ್ಚುವುದಕ್ಕೆ ಬುದ್ಧಿ ಬೇಕಿಲ್ಲ, ಅವಸರವಿದ್ದರೆ ಸಾಕು. ಮಡಚುವುದಕ್ಕೆ ತಾಳ್ಮೆ ಬೇಕು, ಲೆಕ್ಕ ಬೇಕು, ಆ ತುದಿ ಹಿಡಿಯಲು ಇನ್ನೊಬ್ಬರು ಬೇಕು. ಅನರ್ಥವೆಲ್ಲ ಈ ಇನ್ನೊಬ್ಬರಿಂದ. ನಮ್ಮಲ್ಲಿ ಸೀರೆಯ ಆ ತುದಿಗೆ ಸಿಗುವವರು ನಮ್ಮ ಯಜಮಾನರು. ನಾನು ಬಲಗೈಯ ಅಂಚನ್ನು ಎಡಗೈಗೆ ತಂದರೆ ಅವರೂ ನಿಷ್ಠೆಯಿಂದ ತಮ್ಮ ಬಲಗೈಯದನ್ನು ಎಡಗೈಗೆ ತರುತ್ತಾರೆ. ಎದುರುಬದುರು ನಿಂತಾಗ ನನ್ನ ಬಲ ಅವರ ಎಡ ಎಂಬುದು ಮದುವೆಯಾದಂದಿನಿಂದ ಇತ್ಯರ್ಥವಾಗದ ವಿಷಯ. ಐದೂವರೆ ಮೀಟರ್ ಸೀರೆ ನಡುವೆ ಹುರಿಗೊಂಡು ನಿಲ್ಲುತ್ತದೆ. ‘ನೀನೇ ತಿರುಚಿದ್ದು’ ಎನ್ನುತ್ತಾರೆ. ಅಷ್ಟರಲ್ಲಿ ಅತ್ತೆ ಬಂದು, ಸೀರೆ ಕಿತ್ತುಕೊಂಡು, ಗದ್ದದ ಕೆಳಗೆ ಸಿಕ್ಕಿಸಿ ಒಬ್ಬರೇ ಮಡಚಿಟ್ಟು ಹೋಗುತ್ತಾರೆ.

ಹಾಗೆಂದು ಇವರು ಶಿಸ್ತಿಲ್ಲದವರಲ್ಲ. ಒಮ್ಮೆ ಶಿಸ್ತು ಮೈಮೇಲೆ ಬಂದು, ಬೀರುವಿನ ರೇಷ್ಮೆ ಸೀರೆಗಳನ್ನೆಲ್ಲ ತೆಗೆದು, ಹಳೆಯ ಗೆರೆಯ ಮೇಲೇ ಗೆರೆ ಕೂರಿಸಿ ಮಡಚಿಟ್ಟರು. ಅತ್ತೆ ನೋಡಿ ಎದೆ ಹಿಡಿದುಕೊಂಡರು. ಜರಿಯೆಂದರೆ ದಾರಕ್ಕೆ ಸುತ್ತಿದ ಲೋಹದ ಎಳೆ. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಬಗ್ಗಿಸಿಟ್ಟರೆ ಅಲ್ಲೇ ಮುರಿಯುತ್ತದೆ, ಜೊತೆಗೆ ರೇಷ್ಮೆಯೂ ಸೀಳುತ್ತದೆ. ಅದಕ್ಕೇ ಆಗಾಗ ಹೊರತೆಗೆದು ಮಡಿಕೆ ಬದಲಿಸಬೇಕು. ‘ಸೊಟ್ಟಗೆ ಮಡಚಿದಾಗ್ಲೂ ಬೈದೆ, ನೆಟ್ಟಗೆ ಮಡಚಿದ್ರೂ ಬೈತೀಯಲ್ಲಮ್ಮ’ ಎಂದು ಇವರು ಊಟಕ್ಕೇ ಬರಲಿಲ್ಲ.

ಇವರು ಮೇಷ್ಟ್ರು, ಪಂಚಾಯಿತಿ ಚುನಾವಣೆಗೆ ಮತಗಟ್ಟೆಯ ಡ್ಯೂಟಿ ಮಾಡಿದವರು. ‘ಮತಪತ್ರ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಚಿ’ ಎಂದು ಊರಿಗೆಲ್ಲ ಪಾಠ ಹೇಳಿದ್ದಾರೆ. ಅಡ್ಡಾದಿಡ್ಡಿ ಮಡಚಿದರೆ ಮುದ್ರೆಯ ಹಸಿ ಶಾಯಿ ಇನ್ನೊಬ್ಬ ಅಭ್ಯರ್ಥಿಗೂ ಅಂಟಿ, ಒಂದೇ ಓಟು ಇಬ್ಬರಿಗೆ ಬಿದ್ದಂತೆ ಕಾಣುತ್ತದೆ. ಪುಣ್ಯಕ್ಕೆ, ಆ ಬಾಣದ ಮುದ್ರೆಯ ತುದಿಗಳು ಒಂದೇ ದಿಕ್ಕಿಗೆ ತಿರುಗಿವೆ. ಮಡಿಕೆಯಿಂದ ಅಂಟಿದ್ದು ಎಡಬಲ ಉಲ್ಟಾ ಆಗಿ ಬೀಳುತ್ತದೆ, ಎಣಿಸುವವರು ಅಸಲಿಯನ್ನು ಹಿಡಿಯುತ್ತಾರೆ. ಮಡಚುವವರ ಕೈಮೇಲೆ ಸರ್ಕಾರಕ್ಕೂ ಭರವಸೆಯಿಲ್ಲವೆಂದು ತಿಳಿದು ನನಗೆ ಸಮಾಧಾನವಾಯಿತು.

ಇವರ ಸಮಾಧಾನ ಬೇರೆ. ಕಾಗದವನ್ನು ಏಳೆಂಟು ಸಲಕ್ಕಿಂತ ಹೆಚ್ಚು ಅರ್ಧಕ್ಕೆ ಮಡಚಲಾಗದು ಎಂಬ ಮಾತಿತ್ತಲ್ಲ, 2002ರಲ್ಲಿ ಕ್ಯಾಲಿಫೋರ್ನಿಯಾದ ಬ್ರಿಟ್ನಿ ಗ್ಯಾಲಿವನ್ ಎಂಬ ಶಾಲಾ ಹುಡುಗಿ ಸುಮಾರು 1200 ಮೀಟರ್ ಉದ್ದದ ಟಾಯ್ಲೆಟ್ ಕಾಗದವನ್ನು 12 ಸಲ ಮಡಚಿ 4096 ಪದರ ಮಾಡಿದಳು. ಕೊನೆಕೊನೆಗೆ ತಿರುವುಗಳೇ ಕಾಗದವನ್ನೆಲ್ಲ ನುಂಗುವುದರಿಂದ ಅಷ್ಟು ಉದ್ದ ಬೇಕಾಯಿತು ಎಂದು ಮಕ್ಕಳಿಗೆ ಸೊಗಸಾಗಿ ವಿವರಿಸುತ್ತಾರೆ. ವಿವರಿಸುವಾಗ ಕಾಲಬುಡದಲ್ಲಿ ಮಡಚಬೇಕಾದ ಬೆಡ್‌ಶೀಟು ಬಿದ್ದಿರುತ್ತದೆ.

ಇವರ ಪರಮವೈರಿಯೆಂದರೆ ಸ್ಪ್ರಿಂಗ್ ಸೊಳ್ಳೆಪರದೆ. ಅಂಗಡಿಯ ಹುಡುಗ ಅದನ್ನು ಎಂಟರ ಆಕಾರಕ್ಕೆ ತಿರುಚಿ, ಕಣ್ಣು ಮಿಟುಕಿಸುವುದರೊಳಗೆ ಚೀಲಕ್ಕೆ ತುರುಕಿದ್ದ. ಉಕ್ಕಿನ ತಂತಿಯ ಬಳೆ ಅದುಮಿದರೆ ಬಗ್ಗದು, ತಿರುಚಿದರೆ ತಾನೇ ಮೂರು ಸಣ್ಣ ಸುತ್ತಾಗಿ ಕೂರುತ್ತದೆ. ಇವರು ಅದುಮುವ ಪಂಥದವರು. ಒಂದು ಬದಿಯನ್ನು ಮಂಡಿಯಲ್ಲಿ ಒತ್ತಿದರು. ಇನ್ನೊಂದು ಬದಿ ಎದ್ದು ಕನ್ನಡಕ ಹಾರಿಸಿತು. ನೆರವಿಗೆ ಬಂದ ಭಾವ ಇಂಜಿನಿಯರು. ‘ಬಲ ಬೇಡ, ಟೆಕ್ನಿಕ್ ಬೇಕು’ ಎನ್ನುತ್ತಲೇ ಅದರೊಳಗೆ ಸಿಕ್ಕಿಹಾಕಿಕೊಂಡರು. ಜಿಪ್ ಎಳೆದು ಅವರನ್ನು ಹೊರತೆಗೆದ ಮೇಲೆ ಅತ್ತೆ ಕಾನೂನು ಮಾಡಿದರು: ‘ಇನ್ಮೇಲೆ ಬಿಚ್ಚಿದವರೇ ಮಡಚಲಿ.’

ಅಂದಿನಿಂದ ಪರದೆ ಹಗಲಿರುಳೂ ಮಂಚದ ಮೇಲೆ ಬಿಚ್ಚಿಕೊಂಡೇ ಇದೆ. ಬೆಳಿಗ್ಗೆ ಇವರು ಅದರೊಳಗೇ ಕೂತು ಪತ್ರಿಕೆ ಓದುತ್ತಾರೆ. ಓದಿ ಮುಗಿಸಿದ ಪತ್ರಿಕೆಯಲ್ಲಿ ಕ್ರೀಡಾಪುಟ ಮುಖಪುಟದ ಹೊಟ್ಟೆಯೊಳಗೆ ತಲೆಕೆಳಗಾಗಿರುತ್ತದೆ. ತಿಂಗಳಿಗೊಮ್ಮೆ ಬರುವ ರದ್ದಿಯವನು ತಕ್ಕಡಿಗೆ ಹಾಕುವ ಮುಂಚೆ ಒಂದೊಂದನ್ನೂ ಬಿಡಿಸಿ ನೋಡಿ ಕೇಳುತ್ತಾನೆ: ‘ಅಮ್ಮಾ, ಇದರಲ್ಲೆಲ್ಲ ಬೋಂಡ ಕಟ್ಟಿದ್ರಾ?’