ಸ್ಲೇಟಿನ ಮೇಲಿನ ಇಡ್ಲಿ

ಮೈಲಾಪುರದ ನಮ್ಮ ಮನೆಗೂ ಪಕ್ಕದ ಮಾಮಿಯ ಮನೆಗೂ ನಡುವೆ ಎದೆಮಟ್ಟದ ಗೋಡೆ. ಅವರ ನುಗ್ಗೆಮರ ನಮ್ಮ ಕಡೆಗೆ ಬಾಗಿದೆ. ಕಾಯಿ ಯಾರದು ಎಂಬ ತಗಾದೆಯಿಂದಲೇ ನಮ್ಮ ಸ್ನೇಹ ಶುರುವಾದದ್ದು. ಮಾಮಿಯವರು ಕುಂಭಕೋಣದ ಕಡೆಯ ಮಾಧ್ವರು. ಮನೆಮಾತು ಕನ್ನಡವೇ, ಆದರೆ ಅರ್ಧಕ್ಕರ್ಧ ತಮಿಳು. ನನ್ನದು ಉಡುಪಿ ಕಡೆಯ ಕನ್ನಡ. ಅವರ ಮಾತು ನನಗೆ ತಮಾಷೆ, ನನ್ನದು ಅವರಿಗೆ.

"ನೆನ್ನೆ ರಾತ್ರಿ ಹನ್ನೊಂದೂವರೆಗೆ ಗೇಟ್ ಸದ್ದಾಯ್ತಲ್ಲಮ್ಮ, ಎಲ್ಲಿಗೆ ಹೋಗಿದ್ದೆ?"

"ಪಬ್ಬಿಗೆ ಮಾಮಿ."

ಅವರ ಕೈಯಲ್ಲಿದ್ದ ಬಟ್ಟೆ ಕ್ಲಿಪ್ಪು ನಮ್ಮ ಕಡೆಗೆ ಬಿತ್ತು.

ಬೆಂಗಳೂರಿನಿಂದ ಅಣ್ಣನ ಮಗ ಬಂದಿದ್ದ. ಅಲ್ಲಿ ಎಂಬತ್ತರ ದಶಕದಿಂದಲೇ ಪಬ್ಬು ರೂಢಿ; ಈಗಂತೂ ಅವನ ರೂಮಿನಿಂದ ಹಾಲಿನ ಬೂತು ಎಷ್ಟು ದೂರವೋ ಪಬ್ಬೂ ಅಷ್ಟೇ ದೂರ. "ಅತ್ತೆ, ನಿಮ್ಮನ್ನ ಎಲ್ಲಾದ್ರೂ ಊಟಕ್ಕೆ ಕರ್ಕೊಂಡು ಹೋಗ್ತೀನಿ, ಕೂತು ಮಾತಾಡೋಣ" ಎಂದ. ಚೆನ್ನೈನಲ್ಲಿ ಪಬ್ಬು ಎಂದರೆ ಸಾಮಾನ್ಯವಾಗಿ ದೊಡ್ಡ ಹೋಟೆಲಿನ ಹೊಟ್ಟೆಯೊಳಗೇ. ಗೇಟಿನಲ್ಲಿ ಕಾರಿನ ಕೆಳಗೆ ಕನ್ನಡಿ ಹಿಡಿದು ನೋಡಿದರು, ಬಾಗಿಲಲ್ಲಿ ನನ್ನ ಚೀಲ ಯಂತ್ರದೊಳಗೆ ಹೋಗಿ ಬಂತು. ವಿಮಾನ ಹತ್ತುವುದಕ್ಕೂ ಇಷ್ಟೇ ಶಾಸ್ತ್ರ.

ಒಳಗೆ ಕತ್ತಲೆ. ಮೊಬೈಲ್ ಟಾರ್ಚ್ ಹಾಕಿ ಮೆನು ಓದಿದೆವು. ನನಗೆಂದು ಅವನು ಹೇಳಿದ್ದು ಪೊಡಿ ಇಡ್ಲಿ. ಅದು ಬಂದದ್ದು ತಟ್ಟೆಯಲ್ಲಲ್ಲ ಮಾಮಿ, ಸ್ಲೇಟಿನ ಮೇಲೆ! ನಾವು ಅ ಆ ಇ ಈ ತಿದ್ದಿದ ಅದೇ ಕರಿ ಸ್ಲೇಟು, ಕಟ್ಟು ಒಂದಿಲ್ಲ. ಅದರ ಮೇಲೆ ಹಳೇ ರೂಪಾಯಿ ನಾಣ್ಯದಷ್ಟು ಇಡ್ಲಿಗಳು, ಒಂದೊಂದಕ್ಕೂ ಒಂದು ಹಲ್ಲುಕಡ್ಡಿ ಚುಚ್ಚಿ ನಿಲ್ಲಿಸಿದ್ದರು. ಎಣಿಸಿದೆ, ಹನ್ನೆರಡು. ಸಾಂಬಾರ್ ಕೇಳಿದರೆ ಹುಡುಗ ನನ್ನ ಕಿವಿಯ ಹತ್ತಿರ ಬಗ್ಗಿ, "ಸಾರಿ ಮ್ಯಾಮ್, ಇದು ಸ್ಟಾರ್ಟರ್" ಎಂದ.

ಇನ್ನು ಮಾತು. "ನಿಮ್ಮಪ್ಪನ ಮಂಡಿ ಹೇಗಿದೆಯೋ?" ಎಂದು ಕೂಗಿದೆ. "ಇಲ್ಲ ಅತ್ತೆ, ಮಂಡ್ಯಕ್ಕೆ ಹೋಗಿ ತುಂಬ ದಿನ ಆಯ್ತು" ಎಂದು ಅವನೂ ಕೂಗಿದ. ಆಮೇಲೆ ಸುಮ್ಮನೆ ಒಬ್ಬರನ್ನೊಬ್ಬರು ನೋಡಿ ನಕ್ಕುಕೊಂಡು ಕೂತೆವು.

ಮಾಮಿ ಸೆರಗಿನಲ್ಲಿ ಬಾಯಿ ಒತ್ತಿಕೊಂಡು ನಕ್ಕರು. "ಕೂತು ಪೇಸೋದಕ್ಕೆ ಅಲ್ಲಿಗ್ಯಾಕೆ ಹೋಗಬೇಕಮ್ಮ? ಡ್ರೈವ್-ಇನ್ ಇದ್ದಿದ್ರೆ..."

ಡ್ರೈವ್-ಇನ್ ಎಂದರೆ ವುಡ್‌ಲ್ಯಾಂಡ್ಸ್. ನಮ್ಮ ಕಡೆಯ ಕಡಂದಲೆಯಿಂದ ಬಂದು ಮದ್ರಾಸಿನ ಹೋಟೆಲಿನಲ್ಲಿ ಚಾಕರಿಗೆ ನಿಂತ ಕೃಷ್ಣರಾಯರು 1938ರಲ್ಲಿ ರಾಯಪೇಟೆಯ ಒಂದು ಬಂಗಲೆಯಲ್ಲಿ ವುಡ್‌ಲ್ಯಾಂಡ್ಸ್ ಶುರು ಮಾಡಿದರು. 1962ರಲ್ಲಿ ಕ್ಯಾಥೆಡ್ರಲ್ ರಸ್ತೆಯ ಮರಗಳ ನಡುವೆ ಈ ಡ್ರೈವ್-ಇನ್. ಕಾರಿದ್ದವರಿಗೆ ಕಿಟಕಿಗೇ ಟ್ರೇ ಸಿಕ್ಕಿಸಿ ದೋಸೆ ಕೊಡುತ್ತಿದ್ದರು. ಮಾಮಿಯ ಯಜಮಾನರಿಗೆ ಕಾರೆಲ್ಲಿಯದು? ಎಲ್‌ಐಸಿಯಲ್ಲಿ ಗುಮಾಸ್ತರು. ಮದುವೆಯಾದ ಹೊಸತರಲ್ಲಿ ಬಸ್ಸಿನಲ್ಲಿ ಹೋಗಿ ಒಳಗೆ ಕೂರುತ್ತಿದ್ದರಂತೆ. "ಒಂದು ಪೂರಿ ಇಬ್ಬರಿಗೆ, ಎರಡು ಕಾಪಿ, ಎರಡು ಗಂಟೆ. ಏಳು ಅಂತ ಒಬ್ಬ ಹೇಳಿದ್ದಿಲ್ಲ. ಮನೇಲಿ ಅತ್ತೆ, ಮಾವ, ಮೂರು ಜನ ಮೈದುನರು. ನಾವಿಬ್ಬರು ಪೇಸಿದ್ದೆಲ್ಲ ಅಲ್ಲೇ."

ನನ್ನದೊಂದು ಸಿದ್ಧಾಂತ ಇದೆ. ರಾಜಾಜಿ 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದರು, 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೇ ಬಂತು. 1971ರಲ್ಲಿ ಕರುಣಾನಿಧಿ ತೆರೆದ ಬಾಗಿಲು 1974ರಲ್ಲಿ ಮತ್ತೆ ಮುಚ್ಚಿತು. ಇಷ್ಟೂ ವರ್ಷ ಸಂಜೆ ಆಫೀಸು ಬಿಟ್ಟ ಗಂಡಸರು ಎಲ್ಲಿಗೆ ಹೋಗಬೇಕು? ಉಡುಪಿ ಹೋಟೆಲಿಗೆ. ಮದ್ರಾಸಿನ ಪಬ್ಬು ಅದೇ, ಲೋಟದಲ್ಲಿ ನೊರೆಯೂ ಇತ್ತು.

ಮಾಮಿ ಒಪ್ಪಲಿಲ್ಲ. "ಕುಡಿಯೋರು ಹೇಗೋ ಕುಡಿದರು. ನಮ್ಮ ಮಾವ ಉಡುಪಿ ಹೋಟೆಲಿಗೆ ಹೋಗಿದ್ದು ಒಳಗೆ ಅಡುಗೆ ಮಾಡೋನು ಬ್ರಾಹ್ಮಣ ಅಂತ." ಅದೂ ಸರಿಯೇ. ಹೋಟೆಲ್ ಬೋರ್ಡಿನಲ್ಲಿ ಆ ಜಾತಿಯ ಹೆಸರೇಕೆ ಎಂದು 1957ರಲ್ಲಿ ಪೆರಿಯಾರ್ ಕಡೆಯವರು ತಿರುವಲ್ಲಿಕ್ಕೇಣಿಯಲ್ಲಿ ಧರಣಿ ಮಾಡಿದ್ದೂ ನಮ್ಮ ಹೋಟೆಲ್ ಚರಿತ್ರೆಯದೇ ಪುಟ. ನನ್ನ ಸಿದ್ಧಾಂತ ಮಡಚಿಟ್ಟೆ.

ಡ್ರೈವ್-ಇನ್ 2008ರಲ್ಲಿ ಮುಚ್ಚಿತು. ಜಾಗ ಸರ್ಕಾರದ ಕೈಗೆ ಹೋಗಿ 2010ರಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ ಎದ್ದಿತು. ಚೆಂದದ ತೋಟ, ಕಲ್ಲುಬೆಂಚೂ ಇದೆ. ಮಾಮಿ ಒಂದೇ ಸಲ ಹೋದದ್ದು. "ಕಾಪಿ ಇಲ್ಲದೆ ಎಷ್ಟು ಹೊತ್ತು ಪೇಸೋದು?"

"ಆಮೇಲೇನಾಯ್ತು, ಹಸಿದುಕೊಂಡೇ ಬಂದ್ರಾ?"

ಇಲ್ಲ. ಬಿಲ್ಲನ್ನು ಅಣ್ಣನ ಮಗ ನನಗೆ ತೋರಿಸಲೇ ಇಲ್ಲ, ಮಡಚಿ ಜೇಬಿಗೆ ಹಾಕಿಕೊಂಡ. ಬರುವ ದಾರಿಯಲ್ಲಿ ಚಿಕ್ಕದೊಂದು ಹೋಟೆಲು ಇನ್ನೂ ತೆರೆದಿತ್ತು. ಕುರ್ಚಿಗಳನ್ನು ಆಗಲೇ ಮೇಜಿನ ಮೇಲೆ ಬೋರಲು ಹಾಕಿದ್ದರು. ನಿಂತು ತಿನ್ನುವವರಿಗೆಂದು ಎತ್ತರದ ಮೇಜೊಂದು ಬಾಗಿಲ ಹತ್ತಿರ. ಅಲ್ಲೇ ನಿಂತು ಎರಡೆರಡು ಇಡ್ಲಿ ತಿಂದೆವು. ಸಾಂಬಾರನ್ನು ಬಕೆಟ್ಟಿನಿಂದ ಇಡ್ಲಿ ಮುಳುಗುವಷ್ಟು ಸುರಿದರು. ಕಾಪಿಯನ್ನು ದವರಾದಲ್ಲಿ ಆರಿಸುತ್ತ ಅಣ್ಣನ ಮಗ ತಾನಾಗಿಯೇ ಹೇಳಿದ: "ಅತ್ತೆ, ಅಪ್ಪಂಗೆ ಮಂಡಿ ಆಪರೇಷನ್ನು, ಮುಂದಿನ ತಿಂಗಳು. ನಿಮಗೆ ಹೇಳ್ಬೇಡ ಅಂದಿದ್ರು, ಗಾಬರಿಯಾಗ್ತೀರಿ ಅಂತ."

ಮಾಮಿ ನಗು ನಿಲ್ಲಿಸಿ ಗೋಡೆಗೆ ಇನ್ನಷ್ಟು ಒರಗಿದರು. "ಅಯ್ಯೋ ಕೃಷ್ಣಾ. ಎಡಗಾಲಾ, ಬಲಗಾಲಾ?"

ಕೇಳಬೇಕು ಅಂತಲೇ ಇದ್ದೆ ಮಾಮಿ. ಅಷ್ಟರಲ್ಲಿ ಮೇಜು ಒರೆಸೋ ಹುಡುಗ ಬಂದು, ಲೋಟ ತೆಗೀಲಾ ಅಂದ.