ಗ್ರೇಸಣ್ಣ

ದುಬೈಯ ಕರಾಮದಲ್ಲೋ ಅಲ್ ಕುಸೈಸ್‌ನಲ್ಲೋ ನಮ್ಮ ಕರಾವಳಿಯವರ ಹತ್ತು ಮನೆಗಳಿದ್ದರೆ ಅದರಲ್ಲೊಂದು ಗ್ರೇಸಣ್ಣನದು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಅದು ಪಾಸ್‌ಪೋರ್ಟಿನಲ್ಲಿದೆ, ಪಾಸ್‌ಪೋರ್ಟ್ ಯಾವ ಕಪಾಟಿನಲ್ಲಿದೆ ಎಂಬುದು ಹೆಂಡತಿಗೆ ಮಾತ್ರ ಗೊತ್ತು. ‘ಗ್ರೇಸ್ ಪೀರಿಯಡ್ ಉಂಟಲ್ಲ ಮಾರಾಯಾ’ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಆಡಿ ಸಂಪಾದಿಸಿದ ಬಿರುದು ಇದು. ಗಡುವು ಮುಗಿದ ಮೇಲೂ ನಾಲ್ಕು ದಿನ ಕಾಯುವ ಸೌಜನ್ಯ ಲೋಕದ ಎಲ್ಲ ಕಚೇರಿಗಳಿಗೂ ಇರುತ್ತದೆಂದು ಅವನ ನಂಬಿಕೆ. ಊರಲ್ಲಿದ್ದಾಗ ಎಲ್‌ಐಸಿಯವರು ವರ್ಷದ ಕಂತಿಗೆ 30 ದಿನ ಹೆಚ್ಚು ಕೊಟ್ಟು ಅವನನ್ನು ಹಾಳು ಮಾಡಿದರು.

ಮಿಕ್ಕಿದ್ದನ್ನು ದುಬೈಯ ರಸ್ತೆಗಳು ಮಾಡಿದವು. ಅಲ್ಲಿ ಬೋರ್ಡಿನಲ್ಲಿ 100 ಎಂದಿದ್ದರೆ ರಾಡಾರ್ ಮಿಂಚುವುದು 120 ದಾಟಿದ ಮೇಲೆ. ನಡುವಿನ ಇಪ್ಪತ್ತಕ್ಕೆ ಬಫರ್ ಎನ್ನುತ್ತಾರೆ. ಗ್ರೇಸಣ್ಣನ ಕಾರು 119ರಲ್ಲೇ ಓಡುತ್ತದೆ. 

ಇಂಥವನಿಗೆ ಎರಡು ವರ್ಷಕ್ಕೊಮ್ಮೆ ರೆಸಿಡೆನ್ಸ್ ವೀಸಾ ನವೀಕರಿಸುವ ಕೆಲಸ ಬಂದರೆ ಏನಾಗುತ್ತದೆ? ಮೊದಲು ಪಾಸ್‌ಪೋರ್ಟಿನ ಪುಟದಲ್ಲಿ ವೀಸಾ ಚೀಟಿಯನ್ನಾದರೂ ಅಂಟಿಸುತ್ತಿದ್ದರು. ಊರಿಗೆ ಹೊರಟಾಗ ತಾರೀಕು ಕಣ್ಣಿಗೆ ಬೀಳುತ್ತಿತ್ತು. 2022ರಲ್ಲಿ ಆ ಚೀಟಿಯನ್ನು ನಿಲ್ಲಿಸಿ, ಎಮಿರೇಟ್ಸ್ ಐಡಿ ಕಾರ್ಡೇ ಸಾಕು ಅಂದರು. ಅಲ್ಲಿನವರ ಬಾಯಲ್ಲಿ ಅದು ಬತಾಕ. ಬತಾಕ ಪರ್ಸಿನಲ್ಲಿ, ಪರ್ಸು ಪ್ಯಾಂಟಿನ ಹಿಂದಿನ ಜೇಬಿನಲ್ಲಿ. ಗ್ರೇಸಣ್ಣ ತನ್ನ ವೀಸಾದ ಮೇಲೆಯೇ ಕೂತಿರುತ್ತಿದ್ದ.

ಕಂಪನಿಯಲ್ಲಿ ವೀಸಾದ ಕೆಲಸ ನೋಡಿಕೊಳ್ಳುವ ಪಿಆರ್‌ಓ ಮೂರು ಸಲ ಫೋನ್ ಮಾಡಿದ. ರಕ್ತ ಕೊಟ್ಟು ಎದೆಯ ಎಕ್ಸ್‌ರೇ ತೆಗೆಸದೆ ಅರ್ಜಿ ಮುಂದೆ ಹೋಗುವುದಿಲ್ಲ. ‘ಈ ವಾರಾಂತ್ಯಕ್ಕೆ ಖಂಡಿತ’ ಅಂದ ಗ್ರೇಸಣ್ಣ. ಹಿಂದೆ ಅವನ ಕೆಲಸಗಳೆಲ್ಲ ಶುಕ್ರವಾರಕ್ಕೆ ಮುಂದೆ ಹೋಗುತ್ತಿದ್ದವು. 2022ರ ಜನವರಿಯಲ್ಲಿ ಸರ್ಕಾರ ವಾರದ ರಜೆಯನ್ನು ಶನಿವಾರ, ಭಾನುವಾರಕ್ಕೆ ಸರಿಸಿದಾಗ ಅವನೂ ಕಾನೂನಿಗೆ ತಲೆಬಾಗಿ ಭಾನುವಾರಕ್ಕೆ ಮುಂದೂಡತೊಡಗಿದ. ನಾಲ್ಕನೆಯ ಫೋನ್ ಬರಲಿಲ್ಲ. ಪಿಆರ್‌ಓ ಎರಡು ತಿಂಗಳ ರಜೆಯಲ್ಲಿ ಕೋಯಿಕ್ಕೋಡ್‌ಗೆ ಹೋಗಿದ್ದ.

ವೀಸಾ ಮುಗಿದ ದಿನ ಮನೆಯಲ್ಲಿ ಪತ್ರೊಡೆ. ಹೆಂಡತಿ ತಾರೀಕು ನೆನಪಿಸಿದಾಗ ಅವನು ಬೆರಳು ನೆಕ್ಕುತ್ತ, ‘2022ರ ಅಕ್ಟೋಬರಿನಿಂದ ಹೊಸ ರೂಲು. ಮೊದಲು 30 ದಿನ ಇತ್ತು, ಈಗ 180. ಆರು ತಿಂಗಳು ಯಾರೂ ನಮ್ಮನ್ನು ಮುಟ್ಟುವ ಹಾಗಿಲ್ಲ’ ಎಂದು ತೀರ್ಪು ಕೊಟ್ಟ. 180 ಇದ್ದದ್ದು ನಿಜ. ಆದರೆ ಅದು ಗೋಲ್ಡನ್ ವೀಸಾದಂಥ ಮೇಲಿನ ಪಂಕ್ತಿಯವರಿಗೆ ಬಡಿಸಿದ್ದು. ಗ್ರೇಸಣ್ಣನ ಎಲೆಗೆ ಬಿದ್ದದ್ದು 60. ಪಕ್ಕದ ಎಲೆಯ ಹೋಳಿಗೆಯನ್ನು ತನ್ನದೆಂದು ಎಣಿಸಿಕೊಳ್ಳುವವರಿಗೆ ಊಟದ ಮನೆಯಲ್ಲಿ ಏನಾಗುತ್ತದೋ ಇಲ್ಲೂ ಅದೇ ಆಯಿತು, ಸ್ವಲ್ಪ ತಡವಾಗಿ.

103ನೆಯ ದಿನ. ಕರಾಮದ ಅಂಗಡಿಯಲ್ಲಿ ಕುಚ್ಚಲಕ್ಕಿ, ಬಸಳೆ, ಬಂಗುಡೆ ಎಲ್ಲ ಗಾಡಿಗೆ ಬಿದ್ದು ಬಿಲ್ಲೂ ಆಗಿದೆ. ಬ್ಯಾಂಕಿನ ಕಾರ್ಡು ನಡೆಯಲಿಲ್ಲ. ಇನ್ನೊಮ್ಮೆ ಒತ್ತಿದರೂ ಇಲ್ಲ. ಗುರುತಿನ ಚೀಟಿಯ ಅವಧಿ ಮುಗಿದಿದೆ, ಹೊಸದನ್ನು ಕೊಡುವವರೆಗೆ ಖಾತೆ ಬಂದ್ ಎಂದು ಬ್ಯಾಂಕಿನಿಂದ ಮೂರು ಸಲ ಸಂದೇಶ ಬಂದಿತ್ತು. ಬ್ಯಾಂಕಿನವರ ಹೆಸರು ಹೇಳಿಕೊಂಡು ಬರುವುದೆಲ್ಲ ಮೋಸ ಎಂದು ಅಳಿಸಿಹಾಕಿದ್ದ. ಅದೊಂದು ವಿಷಯದಲ್ಲಿ ಮಾತ್ರ ಅವನು ಜಾಗರೂಕ.

ಬಂಗುಡೆಯನ್ನು ಅಲ್ಲೇ ಬಿಟ್ಟು ಗಂಡ ಹೆಂಡತಿ ಸೀದಾ ಟೈಪಿಂಗ್ ಸೆಂಟರಿಗೆ ಹೋದರು. ಜವಾಜಾತ್‌ಗೆ, ಅಂದರೆ ವಲಸೆ ಇಲಾಖೆಗೆ, ಅರ್ಜಿ ಹೊಡೆದುಕೊಡುವ ಹುಡುಗ ತೆರೆ ನೋಡಿ ಹೇಳಿದ: 60 ಕಳೆದರೆ 43 ದಿನ, ದಿನಕ್ಕೆ 50 ದಿರ್ಹಮ್, 2,150. ಗ್ರೇಸಣ್ಣ ಉಸಿರು ಬಿಟ್ಟ. ಅಷ್ಟೇನಾ!

‘ಇಲ್ಲಿ ಕೇಳಿ, ನನ್ನ ಕಾರ್ಡಿನ ತಾರೀಕೂ ಅದೇ ಅಲ್ವಾ?’ ಎಂದಳು ಹೆಂಡತಿ.

ಅಲ್ಲಿಯ ಕಾನೂನಿನಲ್ಲಿ ಅವಳಿಗೂ ಎರಡು ಮಕ್ಕಳಿಗೂ ಸ್ಪಾನ್ಸರ್ ಇವನೇ. ಯಜಮಾನನ ಎಂಜಿನ್ ನಿಂತರೆ ಹಿಂದಿನ ಡಬ್ಬಿಗಳೂ ನಿಲ್ಲುತ್ತವೆ. ನಾಲ್ಕು ಜನರಿಗೆ 8,600. ಬತಾಕಕ್ಕೆ ಬೇರೆ ದಂಡ: ಮೊದಲ 30 ದಿನ ಮಾಫಿ, ಆಮೇಲೆ ದಿನಕ್ಕೆ 20. ಅದಾದರೂ ತಲೆಗೆ ಸಾವಿರಕ್ಕೆ ನಿಲ್ಲುತ್ತದೆ. ಇವರ ನಾಲ್ಕೂ ಕಾರ್ಡು ಅಲ್ಲಿಗೆ ತಲುಪಿ ನಿಂತಿದ್ದವು. ಒಟ್ಟು 12,600 ದಿರ್ಹಮ್. ಊರಿನ ಲೆಕ್ಕದಲ್ಲಿ ಮೂರು ಲಕ್ಷದ ಹತ್ತಿರ. ಹೆಂಡತಿ ಒಂದು ಮಾತೂ ಆಡಲಿಲ್ಲ. ಅವಳು ಮಾತಾಡಿದ್ದರೆ ಚೆನ್ನಾಗಿತ್ತು ಎಂದು ಅವನೇ ಆಮೇಲೆ ಗೆಳೆಯರಲ್ಲಿ ಹೇಳಿಕೊಂಡ.

ರಾತ್ರಿ ಗಂಜಿ ಉಂಡು ಮೇಲೆದ್ದವನ ಮುಖದಲ್ಲಿ ಕಳೆ ಬಂದಿತ್ತು. ‘ಕಟ್ಟುವುದೇ ಬೇಡ. ಆಮ್ನೆಸ್ಟಿ ಬರ್ತದೆ.’ ಕ್ಷಮಾದಾನದ ಇತಿಹಾಸ ಅವನಿಗೆ ಕಂಠಪಾಠ: 1996, 2003, 2007, 2012ರ ಕೊನೆಯಿಂದ 2013ರ ಆರಂಭ, 2018, 2024. ಕೊನೆಯದು ಸೆಪ್ಟೆಂಬರ್ 1ರಿಂದ ಎರಡು ತಿಂಗಳು ಎಂದು ಶುರುವಾಗಿ ಡಿಸೆಂಬರ್ 31ರವರೆಗೆ ಬೆಳೆಯಿತು. ‘ನೋಡಿದೆಯಾ, ಗ್ರೇಸಿಗೂ ಗ್ರೇಸು! ಐದಾರು ವರ್ಷಕ್ಕೊಮ್ಮೆ ಬರ್ತದೆ. ಇನ್ನು 2030.’ ಮಗ ಮೊಬೈಲಿನಲ್ಲಿ ಗುಣಿಸಿ ತೋರಿಸಿದ. ನಾಲ್ಕು ಜನರಿಗೆ ಒಂದು ವರ್ಷದ ದಂಡವೇ 73,000 ದಿರ್ಹಮ್. ಗಣಿತ ಕಲಿಸಿದ್ದು ತಪ್ಪಾಯಿತೆಂಬಂತೆ ಅಪ್ಪ ಮಗನನ್ನು ನೋಡಿದ.

ಅವನಿಗೆ ಆಟವಾಗಿದ್ದ ಆ ದಿನಾಂಕಗಳು ಎಲ್ಲರಿಗೂ ಆಟವಲ್ಲ. ಕಂಪನಿ ಬಾಗಿಲು ಹಾಕಿ, ಮಾಲೀಕ ಪಾಸ್‌ಪೋರ್ಟ್ ಸಮೇತ ಮಾಯವಾಗಿ, ಏರುತ್ತಿರುವ ದಂಡದ ಕೆಳಗೆ ವರ್ಷಗಟ್ಟಲೆ ಅಡಗಿದ ಕೂಲಿಯವರು ದುಬೈಯ ಸೋನಾಪುರದ ಕ್ಯಾಂಪುಗಳಲ್ಲಿ ಇದ್ದರು. ಊರಲ್ಲಿ ತಾಯಿ ಸತ್ತರೂ ಹೋಗಲಾರದವರು. ಅಲ್ ಅವೀರ್‌ನ ಕ್ಷಮಾದಾನ ಕೇಂದ್ರದಲ್ಲಿ ಔಟ್‌ಪಾಸ್‌ಗಾಗಿ, ಅಂದರೆ ದೇಶ ಬಿಡುವ ಪರವಾನಗಿಗಾಗಿ, ಸಾಲು ನಿಂತವರು ಬಹುಪಾಲು ಇವರೇ. ಗ್ರೇಸಣ್ಣನಿಗೆ ಸಂಬಳವಿತ್ತು, ಕಾರಿತ್ತು, ಎಕ್ಸ್‌ರೇ ಕೇಂದ್ರ ಮನೆಯಿಂದ ಹತ್ತು ನಿಮಿಷದಲ್ಲಿತ್ತು.

ಕೊನೆಗೆ ಅವನು ಕಟ್ಟಿದ. ಅಷ್ಟಕ್ಕೇ ಮುಗಿಯಲಿಲ್ಲ; ವೀಸಾ ಹೊಡೆಯಲು ಪಾಸ್‌ಪೋರ್ಟಿನಲ್ಲಿ ಆರು ತಿಂಗಳ ಆಯುಸ್ಸು ಬೇಕು, ಅವನದರಲ್ಲಿ ಐದು ಉಳಿದಿತ್ತು. ಹೊಸ ಪಾಸ್‌ಪೋರ್ಟಿಗೆ ಅರ್ಜಿ ಬಿದ್ದದ್ದೇ ಊರಿನ ಠಾಣೆಗೆ ವಿಚಾರಣೆಯ ಕಾಗದ ಹೋಯಿತು. ಪೊಲೀಸಿನವರು ತೋಟದ ಮನೆಗೆ ಬಂದು, ಮಗ ಎಲ್ಲಿದ್ದಾನೆಂದು ಕೇಳಿದರು. ಅಡಿಕೆ ಸುಲಿಯುತ್ತಿದ್ದ ಅಮ್ಮ, ‘ದುಬೈಯಲ್ಲಿ. ಬರ್ತೇನೆ ಬರ್ತೇನೆ ಅಂತ ಎರಡು ವರ್ಷದಿಂದ ಹೇಳ್ತಾ ಇದ್ದಾನೆ. ಇವತ್ತು ಬರ್ತಾನಾ?’ ಎಂದು ಅವರನ್ನೇ ಕೇಳಿದರಂತೆ.

ಹೊಸ ಬತಾಕ ಕೈಗೆ ಬಂದ ಭಾನುವಾರ ಸಂಸಾರ ಸಮೇತ ಅಬುಧಾಬಿಯ ಹೊಸ ಮಂದಿರಕ್ಕೆ ಹೊರಟರು. ದುಬೈಯ ಗಡಿ ದಾಟಿದ್ದನ್ನು ಗ್ರೇಸಣ್ಣ ಗಮನಿಸಲಿಲ್ಲ. ಅಬುಧಾಬಿಯವರು 2018ರ ಆಗಸ್ಟಿನಲ್ಲೇ ಆ ಇಪ್ಪತ್ತರ ಬಫರನ್ನು ಕಿತ್ತುಹಾಕಿದ್ದಾರೆ. ಅಲ್ಲಿ ಬೋರ್ಡಿನಲ್ಲಿ ಬರೆದದ್ದೇ ಮಿತಿ. ಇವನು ಅಭ್ಯಾಸಬಲದಿಂದ ಹದಿನೈದು ಸೇರಿಸಿಕೊಂಡೇ ಓಡಿಸುತ್ತಿದ್ದ. ಎದುರು ಛಳಕ್ಕೆಂದು ಬೆಳಕು.

ಮಂದಿರದ ಹೊರಗೆ ಚಪ್ಪಲಿ ಬಿಡುವಾಗ ಮೊಬೈಲು ಸದ್ದು ಮಾಡಿತು. ದಂಡ 300 ದಿರ್ಹಮ್. ಹೆಂಡತಿ ಕಣ್ಣು ಮುಚ್ಚಿ ದೇವರನ್ನು ನೆನೆದಳು. ಗ್ರೇಸಣ್ಣ ಸಂದೇಶವನ್ನು ಎರಡೆರಡು ಸಲ ಓದಿದ. ಬೇಗ ಕಟ್ಟಿದವರಿಗೆ ಅಬುಧಾಬಿಯಲ್ಲಿ ನೂರಕ್ಕೆ 35 ರಿಯಾಯಿತಿ ಇದೆ.

‘ಎಷ್ಟು ದಿನದೊಳಗೆ?’ ಎಂದು ಮಗಳು ಕೇಳಿದಳು.

‘ಅರುವತ್ತು ಉಂಟು’ ಎಂದು ಅವನು ಮೊಬೈಲನ್ನು ಜೇಬಿಗೆ ಇಳಿಸಿದ.